ಮನೆಯಲ್ಲೇ ಆಫೀಸು: ದುಡ್ಡು ಮೊದಲು ಯಾವುದಕ್ಕೆ?

"ಕುರ್ಚಿಗೆ ಹತ್ತು ಸಾವಿರ ಜಾಸ್ತಿ ಆಯ್ತಲ್ವಾ?" "ಇನ್ವರ್ಟರ್ ಇದೆ, ಯುಪಿಎಸ್ಸೂ ಬೇಕಾ?" "ಊರಿಗೆ ಹೋಗಿ ಅಲ್ಲಿಂದಲೇ ಕೆಲಸ ಮಾಡೋಣ ಅಂತಿದ್ದೀನಿ, ಇಂಟರ್ನೆಟ್ಟಿಗೆ ಏನು ಮಾಡಲಿ?" ಮನೆಯಿಂದ ಕೆಲಸ ಮಾಡುವವರು ಕೇಳುವುದೆಲ್ಲ ಸುತ್ತಿ ಬಳಸಿ ಈ ಮೂರಕ್ಕೇ ಬಂದು ನಿಲ್ಲುತ್ತದೆ. ಹೋಮ್ ಆಫೀಸಿನ ವೀಡಿಯೊಗಳಿಗೇನೂ ಬರವಿಲ್ಲ. ಆದರೆ ಅವುಗಳಲ್ಲಿ ಕಾಣುವ ಕೋಣೆಗಳಲ್ಲಿ ಕರೆಂಟು ಹೋಗುವುದಿಲ್ಲ, ಕುಕ್ಕರ್ ಕೂಗುವುದಿಲ್ಲ, ಗೋಡೆಗೆ ಮೊಳೆ ಹೊಡೆಯಬೇಡಿ ಎನ್ನುವ ಮನೆ ಮಾಲೀಕರೂ ಇರುವುದಿಲ್ಲ. ಹಾಗಾಗಿ ನಮ್ಮ ಮನೆಗಳನ್ನು ಕಣ್ಣೆದುರು ಇಟ್ಟುಕೊಂಡೇ ಲೆಕ್ಕ ಹಾಕೋಣ.

ಕೊಳ್ಳುವ ಮುಂಚೆ ಕೇಳಿಕೊಳ್ಳಬೇಕಾದ್ದು

ಮೊದಲನೆಯದು, ದಿನಕ್ಕೆ ಎಷ್ಟು ಗಂಟೆ ಕೂರುತ್ತೀರಿ? ಎರಡು ಗಂಟೆಯ ಕೆಲಸಕ್ಕೆ ಊಟದ ಮೇಜೇ ಸಾಕು, ಈ ಬರಹದ ಅರ್ಧ ಭಾಗ ನಿಮಗೆ ಬೇಡ. ಆರು ಗಂಟೆ ದಾಟಿತೆಂದರೆ ಕುರ್ಚಿಯೇ ಎಲ್ಲಕ್ಕಿಂತ ಮೊದಲು.

ಎರಡನೆಯದು, ದಿನದಲ್ಲಿ ಎಷ್ಟು ಹೊತ್ತು ಕಾಲ್‌ನಲ್ಲಿರುತ್ತೀರಿ? ಕೋಡ್ ಬರೆಯುವವರಿಗೆ, ಅನುವಾದ ಮಾಡುವವರಿಗೆ ಐದು ನಿಮಿಷ ನೆಟ್ ಹೋದರೆ ಕಾಫಿ ಕುಡಿದು ಬರಬಹುದು. ಆನ್‌ಲೈನ್ ಪಾಠ ಹೇಳುವವರಿಗೆ, ಗ್ರಾಹಕರ ಜೊತೆ ಮಾತಾಡುವವರಿಗೆ ಆ ಐದು ನಿಮಿಷವೇ ದುಬಾರಿ.

ಮೂರನೆಯದು, ಕರೆಂಟು ಹೇಗೆ ಹೋಗುತ್ತದೆ? ಎಷ್ಟು ಸಲ ಎನ್ನುವುದರ ಜೊತೆಗೆ ಎಷ್ಟು ಹೊತ್ತು ಎನ್ನುವುದನ್ನೂ ನೋಡಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಹತ್ತು ಸೆಕೆಂಡು ಹೋಗಿ ಜನರೇಟರ್ ಹಿಡಿಯುವುದು ಒಂದು ಬಗೆ. ಸಾಗರ, ಶೃಂಗೇರಿ, ಶಿರಸಿ ಕಡೆಯ ಹಳ್ಳಿಗಳಲ್ಲಿ ಆಷಾಢದ ಮಳೆಗೆ ಮರ ಬಿದ್ದು ಎರಡು ದಿನ ಹೋಗುವುದು ಇನ್ನೊಂದು ಬಗೆ. ಎರಡಕ್ಕೂ ಒಂದೇ ಮದ್ದಿಲ್ಲ.

ನಾಲ್ಕನೆಯದು, ಮನೆ ಸ್ವಂತದ್ದೋ ಬಾಡಿಗೆಯದೋ? ಬಾಡಿಗೆಯಾದರೆ ನಾಳೆ ಲಾರಿಗೆ ಏರಿಸಿಕೊಂಡು ಹೋಗಬಹುದಾದ ವಸ್ತುವಿಗೆ ಮಾತ್ರ ಖರ್ಚು ಮಾಡಿ.

ಜಾಗ

ಹಾಲ್, ಮಲಗುವ ಕೋಣೆಯ ಮೂಲೆ, ಬಾಲ್ಕನಿ, ಮೇಲಿನ ಶೀಟಿನ ರೂಮು ಅಥವಾ ಹಳೇ ಮನೆಯಾದರೆ ಜಗಲಿ. ಹೆಚ್ಚಿನವರಿಗೆ ಇರುವ ಆಯ್ಕೆ ಇಷ್ಟೇ. ಕಾಲ್ ಕಡಿಮೆ ಇದ್ದರೆ ಹಾಲ್ ಆಗಬಹುದು. ಹೆಚ್ಚಿದ್ದರೆ ಬಾಗಿಲು ಇರುವ ಕೋಣೆಯೇ ಬೇಕು. ಆದರೆ ಅಮೆರಿಕದ ಸಮಯಕ್ಕೆ ರಾತ್ರಿ ಹನ್ನೊಂದರವರೆಗೆ ಮೀಟಿಂಗ್ ಇರುವವರು ಮಲಗುವ ಕೋಣೆಯಲ್ಲಿ ಮೇಜು ಹಾಕಿದರೆ ಮನೆಯವರ ನಿದ್ದೆ ಹೋಗುತ್ತದೆ. ಅಂಥವರಿಗೆ ಹಾಲೇ ವಾಸಿ, ರಾತ್ರಿ ಅದು ಹೇಗೂ ಖಾಲಿ.

ಮೇಲಿನ ಶೀಟಿನ ರೂಮು ಏಕಾಂತಕ್ಕೆ ಚೆನ್ನಾಗಿಯೇ ಕಾಣುತ್ತದೆ. ಏಪ್ರಿಲ್‌ನಲ್ಲಿ ಅಲ್ಲಿ ಬೇಯಬೇಕು. ಜುಲೈನಲ್ಲಿ ತಗಡಿನ ಮೇಲೆ ಮಳೆ ಬೀಳುವಾಗ ನಿಮ್ಮ ಮಾತು ನಿಮಗೇ ಕೇಳಿಸುವುದಿಲ್ಲ, ಇನ್ನು ಮೈಕಿಗೆ ಕೇಳಿಸೀತೇ? ಹಳೇ ಮನೆಗಳ ಒಂದೂವರೆ ಅಡಿ ದಪ್ಪದ ಮಣ್ಣಿನ ಅಥವಾ ಕೆಂಪುಕಲ್ಲಿನ ಗೋಡೆ ತಂಪು ಕೊಡುತ್ತದೆ ನಿಜ, ವೈಫೈಯನ್ನೂ ಅಲ್ಲೇ ತಡೆಯುತ್ತದೆ. ವೈಫೈಯ ವೇಗದ ಬ್ಯಾಂಡಾದ 5 ಗಿಗಾಹರ್ಟ್ಸ್ ಸಿಗ್ನಲ್ ಅಂಥ ಒಂದು ಗೋಡೆ ದಾಟಿದರೆ ಅದೇ ಹೆಚ್ಚು. ಅಲ್ಲಿ ದುಬಾರಿ ರೂಟರ್ ಕೊಳ್ಳುವ ಬದಲು ಜಗಲಿಯಿಂದ ನಡುಮನೆಗೆ ಒಂದು ಲ್ಯಾನ್ ಕೇಬಲ್ ಎಳೆಸಿ. ಖರ್ಚು ಕಡಿಮೆ, ತಕರಾರೂ ಕಡಿಮೆ.

ಕಿಟಕಿ ಬೆನ್ನ ಹಿಂದೆ ಬಂದರೆ ಕಂಪ್ಯೂಟರಿನ ಪರದೆ ಮಿಂಚುತ್ತದೆ, ಕ್ಯಾಮೆರಾದಲ್ಲಿ ನಿಮ್ಮ ಮುಖ ಕಪ್ಪಾಗುತ್ತದೆ. ಎದುರಿಗೆ ಬಂದರೆ ಕಣ್ಣು ಕುಕ್ಕುತ್ತದೆ. ಪಕ್ಕಕ್ಕೆ ಇರಬೇಕು. ಪೂರ್ವಕ್ಕೇ ಮುಖ ಮಾಡಿ ಕೂರಬೇಕು ಎಂದು ಮನೆಯಲ್ಲಿ ಹಿರಿಯರು ಹಟ ಹಿಡಿದರೆ, ಎದುರಿನ ಕಿಟಕಿಗೆ ದಪ್ಪ ಪರದೆ ಹಾಕಿಸುವ ಖರ್ಚನ್ನು ಅವರ ಲೆಕ್ಕಕ್ಕೇ ಬರೆದುಬಿಡಿ. ಉತ್ತರಕ್ಕೆ ಮುಖ ಮಾಡಿ ಕೂತು ಕಿಟಕಿ ಪಕ್ಕಕ್ಕೆ ಬರುವಂತಿದ್ದರೆ ವಾಸ್ತುವಿಗೂ ಕಣ್ಣಿಗೂ ಜಗಳವಿಲ್ಲ.

ಕುರ್ಚಿ: ಇಲ್ಲಿ ಕೈ ಬಿಗಿ ಹಿಡಿಯಬೇಡಿ

ಬಹಳ ಜನ ಮೊದಲು ಮೇಜು ಕೊಳ್ಳುತ್ತಾರೆ, ಆಮೇಲೆ ಮಾನಿಟರ್. ಕುರ್ಚಿಗೆ ಬರುವಷ್ಟರಲ್ಲಿ ಕೈಯಲ್ಲಿ ಉಳಿದಿರುವುದು ಮೂರು ಸಾವಿರ. ಇದು ತಲೆಕೆಳಗು. ಮೇಜಿನ ಕೊರತೆಯನ್ನು ನಾಲ್ಕು ದಪ್ಪ ಪುಸ್ತಕ ಇಟ್ಟು ಸರಿಮಾಡಬಹುದು. ಕುರ್ಚಿಯ ಕೊರತೆಯನ್ನು ಸೊಂಟವೇ ತುಂಬಿಕೊಡಬೇಕು.

ಮನೆಯಲ್ಲಿರುವ ಪ್ಲಾಸ್ಟಿಕ್ ಕುರ್ಚಿ ಅಥವಾ ಊಟದ ಮೇಜಿನ ಕುರ್ಚಿ ಎರಡು ಮೂರು ಗಂಟೆಗೆ ತೊಂದರೆಯಿಲ್ಲ. ಬೆನ್ನಿನ ಕೆಳಭಾಗಕ್ಕೆ ಒಂದು ಸಣ್ಣ ದಿಂಬು ಅಥವಾ ಸುತ್ತಿದ ಟವೆಲ್ ಕೊಟ್ಟರೆ ಇನ್ನೊಂದು ಗಂಟೆ ಎಳೆಯಬಹುದು. ಎತ್ತರ ಬದಲಿಸಲು ಬರುವುದಿಲ್ಲ, ಅದೇ ಅದರ ಮಿತಿ.

ಐದರಿಂದ ಎಂಟು ಸಾವಿರಕ್ಕೆ ಸಿಗುವ ಮೆಶ್ ಕುರ್ಚಿಯಲ್ಲಿ ಎತ್ತರ ಏರಿಸಿ ಇಳಿಸಬಹುದು, ಬೆನ್ನಿಗೆ ಗಾಳಿ ಆಡುತ್ತದೆ. ಕಲಬುರಗಿ, ರಾಯಚೂರಿನ 40 ಡಿಗ್ರಿ ಬಿಸಿಲಿನಲ್ಲಿ, ಮಂಗಳೂರಿನ ಬೆವರಿನಲ್ಲಿ ರೆಕ್ಸಿನ್ ಹೊದಿಕೆಯ ಕುರ್ಚಿಗಿಂತ ಇದು ಎಷ್ಟೋ ಮೇಲು. ಈ ದರದಲ್ಲಿ ಕೈಯಿಡುವ ಭಾಗ ಸಾಮಾನ್ಯವಾಗಿ ಅಲ್ಲಾಡಿಸಲು ಬರದಂಥದ್ದು. ಸೀಟಿನ ಸ್ಪಂಜು ಒಂದೆರಡು ವರ್ಷದಲ್ಲಿ ಕುಗ್ಗುತ್ತದೆ. ನಾಲ್ಕೈದು ಗಂಟೆ ಕೂರುವವರಿಗೆ ಇದು ಒಪ್ಪುವ ವ್ಯಾಪಾರ.

ಹತ್ತರಿಂದ ಹದಿನೈದು ಸಾವಿರದಲ್ಲಿ ಸೊಂಟದ ಆಸರೆ ಮತ್ತು ಕೈಯ ಎತ್ತರ ಹೊಂದಿಸಲು ಬರುತ್ತದೆ. ಕೆಲವದರಲ್ಲಿ ಸೀಟು ಹಿಂದೆ ಮುಂದೆ ಸರಿಯುತ್ತದೆ. ದಿನಕ್ಕೆ ಎಂಟು ಗಂಟೆ ಕೂರುವವರು ನಿಲ್ಲಬೇಕಾದದ್ದು ಇಲ್ಲಿ. ಇಪ್ಪತ್ತು ಸಾವಿರ ದಾಟಿದ ಮೇಲೆ ಸಿಗುವ ಸುಖ ಕೊಡುವ ದುಡ್ಡಿನಷ್ಟು ವೇಗವಾಗಿ ಏರುವುದಿಲ್ಲ. ಈಗಾಗಲೇ ಬೆನ್ನುನೋವು ಇರುವವರು ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಿ ಹೋಗಲಿ.

ಗೇಮಿಂಗ್ ಕುರ್ಚಿ ಬೇಡ. ರೇಸ್ ಕಾರಿನ ಸೀಟನ್ನು ನೋಡಿ ಮಾಡಿದ ಅದರ ಎರಡು ಪಕ್ಕದ ಏರು ತೊಡೆಯನ್ನು ಒತ್ತುತ್ತದೆ, ಕಾಲು ಮಡಚಿ ಚಕ್ಕಂಬಟ್ಟಲೆ ಹಾಕುವ ನಮ್ಮವರ ಅಭ್ಯಾಸಕ್ಕೂ ಆಗಿಬರುವುದಿಲ್ಲ.

ನನ್ನ ಒಲವು ಸೆಕೆಂಡ್ ಹ್ಯಾಂಡ್ ಕಡೆಗೆ. ಬೆಂಗಳೂರಿನಲ್ಲಿ ಕಂಪನಿಗಳು ಕಚೇರಿ ಬದಲಿಸುವಾಗ, ಮುಚ್ಚುವಾಗ ಒಳ್ಳೆಯ ಕುರ್ಚಿಗಳು ಸಗಟಾಗಿ ಹೊರಬರುತ್ತವೆ. ಹೊಸದರಲ್ಲಿ ಹದಿನೈದು ಸಾವಿರ ದಾಟುವ ಕುರ್ಚಿ ಅಲ್ಲಿ ಅರ್ಧಕ್ಕೂ ಕಡಿಮೆ ದರದಲ್ಲಿ ಸಿಗುವುದುಂಟು. ವಾರಂಟಿ ಇರುವುದಿಲ್ಲ, ಆದ್ದರಿಂದ ಪರೀಕ್ಷೆ ನಿಮ್ಮದೇ. ಪೂರ್ತಿ ಮೇಲೇರಿಸಿ ಹತ್ತು ನಿಮಿಷ ಕೂತು ನೋಡಿ, ತಾನಾಗಿಯೇ ಇಳಿದರೆ ಎತ್ತರ ಹಿಡಿದಿಡುವ ಗ್ಯಾಸ್ ಲಿಫ್ಟ್ ಹೋಗಿದೆ ಎಂದರ್ಥ. ಅದನ್ನು ಬದಲಿಸಬಹುದು, ಆದರೆ ಆ ಖರ್ಚನ್ನು ಚೌಕಾಸಿಯಲ್ಲೇ ಕಳೆದುಕೊಳ್ಳಿ. ಮಗುಚಿ ಹಾಕಿ ಕೆಳಗಿನ ಐದು ಕಾಲಿನ ತಳದಲ್ಲಿ ಬಿರುಕಿದೆಯೇ ನೋಡಿ. ಬಿರುಕಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ.

ಹೊಸದೋ ಹಳೆಯದೋ, ಕೂತು ನೋಡದೆ ಕೊಳ್ಳಬೇಡಿ. ಪಾದ ಪೂರ್ತಿ ನೆಲ ಮುಟ್ಟಬೇಕು. ಬೆನ್ನು ಒರಗಿದಾಗ ಸೀಟಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಆಡಬೇಕು. ಐದಡಿ ಆಸುಪಾಸಿನ ಹೆಂಗಸರಿಗೆ ಅನೇಕ ಕುರ್ಚಿಗಳ ಸೀಟು ಉದ್ದವಾಗುತ್ತದೆ, ಒರಗಲು ಹೋದರೆ ಕಾಲು ನೇತಾಡುತ್ತದೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಕುರ್ಚಿ ಬಳಸುವುದಾದರೆ ಕುಳ್ಳಗಿರುವವರಿಗೆ ಹೊಂದುವುದನ್ನೇ ತನ್ನಿ. ರೆಡ್ ಆಕ್ಸೈಡ್ ನೆಲವಿದ್ದರೆ ಗಟ್ಟಿ ನೈಲಾನ್ ಚಕ್ರ ಗೀರು ಹಾಕುತ್ತದೆ. ಮೆತ್ತನೆಯ ಪಿಯು ಚಕ್ರ ಕೇಳಿ, ಇಲ್ಲವೇ ಕೆಳಗೆ ಚಾಪೆ ಹಾಸಿ.

ಮೇಜು ಮತ್ತು ಪರದೆ

ಅಂಗಡಿಯ ಮೇಜುಗಳು, ಊಟದ ಮೇಜುಗಳು ಹೆಚ್ಚಾಗಿ 75 ಸೆಂಟಿಮೀಟರ್ ಆಸುಪಾಸಿನ ಎತ್ತರದವು. ಐದು ಅಡಿ ಮೂರು ಇಂಚಿನವರು ಪಾದ ಊರಿ ಕೂತರೆ ಅವರ ಮೊಣಕೈ ನೆಲದಿಂದ 60–65 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಅಂದರೆ ದಿನವಿಡೀ ಭುಜ ಎತ್ತಿಕೊಂಡೇ ಟೈಪು ಮಾಡಬೇಕು, ಸಂಜೆ ಕುತ್ತಿಗೆ ಹಿಡಿಯುತ್ತದೆ. ಇರುವ ಮೇಜನ್ನೇ ಬಳಸುವುದಾದರೆ ಕುರ್ಚಿಯನ್ನು ಮೇಲೇರಿಸಿ, ಪಾದದ ಕೆಳಗೆ ಮಣೆ ಹಾಕಿಕೊಳ್ಳಿ. ಅಡುಗೆಮನೆಯಲ್ಲಿ ಬಳಸದೆ ಬಿದ್ದಿರುವ ಮಣೆ ಇದ್ದರೆ ಫುಟ್‌ರೆಸ್ಟ್ ಕೊಳ್ಳುವ ಅಗತ್ಯವೇ ಇಲ್ಲ.

ಬಡಗಿಯಿಂದ ಮಾಡಿಸಿದರೆ ಸಿಗುವ ದೊಡ್ಡ ಲಾಭ ಇದೇ, ನಿಮ್ಮ ಎತ್ತರಕ್ಕೆ 27 ಇಂಚೋ 28 ಇಂಚೋ ಹೇಳಿ ಮಾಡಿಸಬಹುದು. ಆನ್‌ಲೈನಿನಲ್ಲಿ ನಾಲ್ಕೈದು ಸಾವಿರಕ್ಕೆ ಬರುವ ಮೇಜುಗಳು ಬಹುತೇಕ ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ ಪಾರ್ಟಿಕಲ್ ಬೋರ್ಡಿನವು. ಬಯಲುಸೀಮೆಯ ಒಣ ಹವೆಯಲ್ಲಿ ಅವು ಬಾಳಬಹುದು. ಮಲೆನಾಡು, ಕರಾವಳಿಯಲ್ಲಿ ಎರಡು ಮಳೆಗಾಲಕ್ಕೆ ಅಂಚು ಊದಿಕೊಂಡು ಸ್ಕ್ರೂ ಹಿಡಿತ ಬಿಡುತ್ತದೆ. ಅಲ್ಲಿ ನೀರು ತಡೆಯುವ ಬಿಡಬ್ಲ್ಯುಆರ್ ದರ್ಜೆಯ ಪ್ಲೈವುಡ್ ಹಲಗೆ, ಕಬ್ಬಿಣದ ಚೌಕಟ್ಟಿನ ಕಾಲು ಹಾಕಿಸುವುದು ಒಳ್ಳೆಯದು. ಗೆದ್ದಲಿಗೂ ಕಬ್ಬಿಣದ ಕಾಲಿನ ತಂಟೆ ಬೇಡ. ಬಾಡಿಗೆ ಮನೆಯವರು ಕಾಲು ಬಿಚ್ಚಿ ಕಟ್ಟಬಹುದಾದಂತೆ ಬೋಲ್ಟ್ ಹಾಕಿಸಿಕೊಳ್ಳಲಿ. ಹಲಗೆ ಕನಿಷ್ಠ ನಾಲ್ಕು ಅಡಿಗೆ ಎರಡು ಅಡಿ ಇರಲಿ.

ಮೋಟಾರಿನಿಂದ ಏರಿಳಿಯುವ ಸ್ಟ್ಯಾಂಡಿಂಗ್ ಡೆಸ್ಕಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬೀಳುತ್ತದೆ. ಚೆನ್ನಾಗಿದೆ, ಆದರೆ ಮೊದಲ ಸುತ್ತಿನಲ್ಲಿ ಅದರ ಆಸೆ ಬೇಡ. ಅಡುಗೆಮನೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ನಿಂತು ಕೆಲಸ ಮಾಡುವವರಿದ್ದಾರೆ. ಕಟ್ಟೆ 80–85 ಸೆಂಟಿಮೀಟರ್, ನಿಂತು ಟೈಪು ಮಾಡಲು ಬೇಕಾದದ್ದು ಸುಮಾರು ಒಂದು ಮೀಟರ್, ಹಾಗಾಗಿ ಅಲ್ಲಿ ಬೆನ್ನು ಬಾಗುತ್ತದೆ. ಇನ್ನು ಶಾನುಭೋಗರ ಕಾಲದ ಇಳಿಜಾರು ಹಲಗೆಯ ಪೆಟ್ಟಿಗೆ ಅಟ್ಟದ ಮೇಲೆ ಇರುವವರು ಇಳಿಸಿಕೊಳ್ಳಿ. ನೆಲದಲ್ಲಿ ಕೂತು ಓದಲು, ಸಹಿ ಮಾಡಲು ಅದು ಇವತ್ತಿಗೂ ಸೊಗಸು. ಎಂಟು ಗಂಟೆಯ ಟೈಪಿಂಗಿಗೆ ಮಾತ್ರ ಅಲ್ಲ.

ಲ್ಯಾಪ್‌ಟಾಪಿನ ಪರದೆ ಕಣ್ಣಿನ ಮಟ್ಟಕ್ಕೆ ಬಂದರೆ ಕೀಲಿಮಣೆ ಎತ್ತರವಾಗುತ್ತದೆ, ಕೀಲಿಮಣೆ ಕೈಗೆ ಬಂದರೆ ತಲೆ ಬಗ್ಗಬೇಕಾಗುತ್ತದೆ. ಎರಡನ್ನೂ ಬೇರೆ ಮಾಡುವುದೊಂದೇ ದಾರಿ. ಎರಡು ಸಾವಿರದೊಳಗೆ ಮುಗಿಯಬೇಕೆಂದರೆ ಒಂದು ಸ್ಟ್ಯಾಂಡು, ಬೇರೆ ಕೀಬೋರ್ಡು, ಮೌಸು. ಎಂಟರಿಂದ ಹನ್ನೆರಡು ಸಾವಿರ ಇದ್ದರೆ 24 ಇಂಚಿನ ಮಾನಿಟರ್. ಎಕ್ಸೆಲ್, ಕೋಡ್, ಅನುವಾದ ಮಾಡುವವರಿಗೆ ಪರದೆಯ ಮೇಲೆ ಅಕ್ಕಪಕ್ಕ ಎರಡು ಕಿಟಕಿ ತೆರೆದಿಡುವ ಅನುಕೂಲವೇ ಆ ದುಡ್ಡಿಗೆ ಸಾಟಿ. ದಿನವೆಲ್ಲ ಬರೀ ಮೀಟಿಂಗ್ ಇರುವವರಿಗೆ ಮಾನಿಟರ್ ಬೇಕಿಲ್ಲ. ಆ ದುಡ್ಡಿನ ಒಂದು ಭಾಗದಲ್ಲಿ ಒಳ್ಳೆಯ ವೈರಿನ ಯುಎಸ್‌ಬಿ ಹೆಡ್‌ಸೆಟ್ ತೆಗೆದುಕೊಳ್ಳಿ. ಬ್ಲೂಟೂತ್ ಇಯರ್‌ಫೋನುಗಳಲ್ಲಿ ಮೈಕ್ ತೆರೆದ ಕೂಡಲೇ ಧ್ವನಿಯ ಗುಣಮಟ್ಟ ಸಾಮಾನ್ಯವಾಗಿ ಇಳಿಯುತ್ತದೆ.

ಕರೆಂಟು

ಅಪಾರ್ಟ್‌ಮೆಂಟಿನಲ್ಲಿ ಜನರೇಟರ್ ಇದೆ, ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಇನ್ನೇನು ಚಿಂತೆ ಎನ್ನುವವರ ಕಾಲ್ ಕರೆಂಟು ಹೋದಾಗಲೆಲ್ಲ ಕಡಿಯುತ್ತದೆ. ಜನರೇಟರ್ ಹಿಡಿಯುವ ಹತ್ತು ಸೆಕೆಂಡಿನಲ್ಲಿ ವೈಫೈ ರೂಟರ್ ಆರಿ ಹೋಗಿರುತ್ತದೆ, ಅದು ಮತ್ತೆ ಎದ್ದು ಸಂಪರ್ಕ ಹಿಡಿಯಲು ಎರಡು ಮೂರು ನಿಮಿಷ ಬೇಕು. ಇದಕ್ಕೆ ಮದ್ದು ಒಂದೂವರೆ ಸಾವಿರದ ಆಸುಪಾಸಿನ ಮಿನಿ ಯುಪಿಎಸ್. ಅಂಗೈಯಗಲದ ಪೆಟ್ಟಿಗೆ, ಒಳಗೆ ಲಿಥಿಯಂ ಬ್ಯಾಟರಿ, ರೂಟರನ್ನು ಮೂರು ನಾಲ್ಕು ಗಂಟೆ ನಡೆಸುತ್ತದೆ. ಕೊಳ್ಳುವಾಗ ರೂಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ಓದಿ. ಹೆಚ್ಚಿನವು 12 ವೋಲ್ಟಿನವು, 9 ವೋಲ್ಟಿನವೂ ಇವೆ. ಇಡೀ ಹೋಮ್ ಆಫೀಸಿನಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಕೆಲಸ ಮಾಡುವ ವಸ್ತು ಇನ್ನೊಂದಿಲ್ಲ.

ಡೆಸ್ಕ್‌ಟಾಪ್ ಇದ್ದವರಿಗೆ ಮೂರು ನಾಲ್ಕು ಸಾವಿರದ 600 ವಿಎ ಯುಪಿಎಸ್ ಬೇಕು. ಅದರಲ್ಲಿರುವುದು ಸಾಮಾನ್ಯವಾಗಿ 12 ವೋಲ್ಟ್ 7 ಆಂಪಿಯರ್-ಅವರ್‌ನ ಪುಟ್ಟ ಬ್ಯಾಟರಿ. ಹತ್ತು ಹದಿನೈದು ನಿಮಿಷದೊಳಗೆ ಫೈಲು ಉಳಿಸಿ ಮುಚ್ಚಲಷ್ಟೇ ಅದು, ಅದರಿಂದ ಇಡೀ ಸಂಜೆ ಕಳೆಯುವ ಆಸೆ ಬೇಡ.

ಗಂಟೆಗಟ್ಟಲೆ ಕರೆಂಟು ಹೋಗುವ ಕಡೆ ಇನ್ವರ್ಟರ್. ಲೆಕ್ಕ ಸುಲಭ. 12 ವೋಲ್ಟ್ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಎಂದರೆ ಕಾಗದದ ಮೇಲೆ 1800 ವ್ಯಾಟ್-ಅವರ್, ಅಂದರೆ 1800 ವ್ಯಾಟನ್ನು ಒಂದು ಗಂಟೆ ನಡೆಸುವಷ್ಟು. ಸೋರಿಕೆ ಕಳೆದು, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ ಬಳಸಿದರೆ 1100 ಕೈಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಲ್ಯಾಪ್‌ಟಾಪ್ 65, ಮಾನಿಟರ್ 25, ರೂಟರ್ 12, ಎಲ್‌ಇಡಿ ಟ್ಯೂಬ್ 20, ಕಡಿಮೆ ಕರೆಂಟು ಎಳೆಯುವ ಬಿಎಲ್‌ಡಿಸಿ ಫ್ಯಾನ್ 30, ಒಟ್ಟು ಸುಮಾರು 150 ವ್ಯಾಟ್. ಏಳು ಗಂಟೆ ಬರುತ್ತದೆ. ಹಳೇ ಫ್ಯಾನಾದರೆ ಒಂದಕ್ಕೇ 75 ವ್ಯಾಟ್. ಮನೆಯ ಉಳಿದ ಫ್ಯಾನು ದೀಪಗಳೂ ಅದೇ ಇನ್ವರ್ಟರಿಗೆ ಸೇರಿ 300 ವ್ಯಾಟ್ ಆದರೆ ನಾಲ್ಕು ಗಂಟೆಯೂ ಇಲ್ಲ. ಎರಡನೇ ಬ್ಯಾಟರಿ ಕೊಳ್ಳುವ ಮೊದಲು ಫ್ಯಾನ್ ಬದಲಿಸುವುದು ಅಗ್ಗ.

ಸ್ಕ್ವೇರ್ ವೇವ್ ಇನ್ವರ್ಟರ್ ಅಗ್ಗವೆಂದು ತರಬೇಡಿ, ಲೈನಿನ ಕರೆಂಟಿನಂಥದ್ದನ್ನೇ ಕೊಡುವ ಸೈನ್ ವೇವ್ ಇರಲಿ. ಮೊದಲನೆಯದರಲ್ಲಿ ಫ್ಯಾನ್ ಗುಂಯ್ ಎನ್ನುತ್ತದೆ, ಅಡಾಪ್ಟರ್ ಬಿಸಿಯಾಗುತ್ತದೆ. ಅನೇಕ ಇನ್ವರ್ಟರುಗಳ ಹಿಂದೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂಬ ಸ್ವಿಚ್ ಇರುತ್ತದೆ. ಯುಪಿಎಸ್ ಮೋಡಿನಲ್ಲಿ ಕಂಪ್ಯೂಟರ್ ಆರದಷ್ಟು ಬೇಗ ಬ್ಯಾಟರಿಗೆ ಹೊರಳುತ್ತದೆ. ಆದರೆ ಲೋ ವೋಲ್ಟೇಜ್ ಇರುವ ಹಳ್ಳಿಗಳಲ್ಲಿ ಅದೇ ಮೋಡ್ ತೊಡಕು: ಪಂಪ್‌ಸೆಟ್ಟುಗಳು ಶುರುವಾಗಿ ವೋಲ್ಟೇಜ್ 180ರ ಕೆಳಗಿಳಿದರೆ ಕರೆಂಟು ಇದ್ದರೂ ಇನ್ವರ್ಟರ್ ಬ್ಯಾಟರಿಗೆ ಹೋಗಿ ಅದನ್ನು ಖಾಲಿ ಮಾಡುತ್ತದೆ. ಲ್ಯಾಪ್‌ಟಾಪ್ ಇದ್ದವರು ಅಂಥಲ್ಲಿ ನಾರ್ಮಲ್ ಮೋಡಿಗೆ ಹಾಕಿ, ರೂಟರಿಗೆ ಮಿನಿ ಯುಪಿಎಸ್ ಕೊಟ್ಟರೆ ಎರಡೂ ಬಗೆಹರಿಯಿತು.

ಟ್ಯೂಬುಲರ್ ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಗಾಳಿಯಾಡುವ ಜಾಗ ಬೇಕು. ಲಿಥಿಯಂ ಇನ್ವರ್ಟರಿಗೆ ಈ ಉಸಾಬರಿ ಇಲ್ಲ, ಜಾಗ ಕಡಿಮೆ, ಚಾರ್ಜೂ ಬೇಗ. ಬೆಲೆ ಮಾತ್ರ ಎದೆ ಹಿಡಿಸುತ್ತದೆ. ಪದೇ ಪದೇ ಮನೆ ಬದಲಿಸುವವರಿಗೆ, ದಿನದಲ್ಲಿ ನಾಲ್ಕೈದು ಗಂಟೆಯಷ್ಟೇ ಕರೆಂಟು ಬರುವ ಊರಿನವರಿಗೆ ಅದು ಲೆಕ್ಕಕ್ಕೆ ಬರುತ್ತದೆ. ಬರಿದಾದ ಟ್ಯೂಬುಲರ್ ಬ್ಯಾಟರಿ ತುಂಬಲು ಹತ್ತು ಗಂಟೆಯಷ್ಟು ಕರೆಂಟು ಬೇಕು. ಅಷ್ಟು ಹೊತ್ತು ಕರೆಂಟೇ ಬರದಿದ್ದರೆ ಬ್ಯಾಟರಿ ದೊಡ್ಡದಾಗಿ ಏನು ಪ್ರಯೋಜನ?

ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ ವೋಲ್ಟೇಜಿನ ಹಠಾತ್ ಜಿಗಿತ ತಡೆಯುವ ಸರ್ಜ್ ಪ್ರೊಟೆಕ್ಟರ್ ಹೆಸರಿಗಷ್ಟೇ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಪ್ಲಗ್ ಕಿತ್ತಿಡುವುದೇ ನಂಬಿಕೆಯ ಉಪಾಯ. ಲ್ಯಾನ್ ಕೇಬಲನ್ನೂ ಮರೆಯದೆ ಕೀಳಿ.

ಇಂಟರ್ನೆಟ್

ವೇಗದ ಹಿಂದೆ ಓಡುವುದು ಬೇಡ. ಗುಂಪಿನ ವೀಡಿಯೊ ಕಾಲಿಗೆ ನಾಲ್ಕೈದು ಎಂಬಿಪಿಎಸ್ ಸಾಕು. ಅದು ಅಪ್‌ಲೋಡಿನಲ್ಲೂ ಸಿಗಬೇಕು, ಅಷ್ಟೇ. ತಿಂಗಳಿಗೆ 400–600 ರೂಪಾಯಿ ಮತ್ತು ಜಿಎಸ್‌ಟಿಯ ಸಾಮಾನ್ಯ ಫೈಬರ್ ಪ್ಲಾನು ಒಬ್ಬಿಬ್ಬರ ಕೆಲಸಕ್ಕೆ ಧಾರಾಳ.

ಫೈಬರ್ ಸಿಗುವ ಕಡೆ ಫೈಬರೇ. ಯಾವ ಕಂಪನಿ ಎನ್ನುವುದಕ್ಕಿಂತ ತಂತಿ ಕಡಿದಾಗ ಯಾರು, ಎಷ್ಟು ಹೊತ್ತಿಗೆ ಬರುತ್ತಾರೆ ಎನ್ನುವುದು ಮುಖ್ಯ. ಅದನ್ನು ಜಾಹೀರಾತು ಹೇಳುವುದಿಲ್ಲ, ಪಕ್ಕದ ಮನೆಯವರು ಹೇಳುತ್ತಾರೆ. ಮಲೆನಾಡಿನ ಹಳ್ಳಿಗಳಲ್ಲಿ ಬಿಎಸ್‌ಎನ್‌ಎಲ್ ಫೈಬರನ್ನು ಸ್ಥಳೀಯ ಹುಡುಗರೇ ಮರ, ಕಂಬಗಳ ಮೇಲೆ ಎಳೆದು ಕೊಡುತ್ತಾರೆ. ಗಾಳಿ ಮಳೆಗೆ ಕಡಿಯುತ್ತದೆ, ಆ ಹುಡುಗರೇ ಬಂದು ಜೋಡಿಸುತ್ತಾರೆ. ಅವರ ಫೋನ್ ನಂಬರ್ ಇಟ್ಟುಕೊಳ್ಳುವುದು ಪ್ಲಾನಿನ ವೇಗಕ್ಕಿಂತ ದೊಡ್ಡ ಆಸ್ತಿ.

2023ರಲ್ಲಿ ಏರ್‌ಟೆಲ್, ಜಿಯೋ ಎರಡೂ ತಂದ, ತಂತಿಯಿಲ್ಲದೆ 5ಜಿಯಿಂದ ಮನೆಗೆ ಇಂಟರ್ನೆಟ್ ಕೊಡುವ ಏರ್‌ಫೈಬರ್ ತಂತಿ ಬರದ ಕಡೆಗೆ ಒಳ್ಳೆಯ ಉತ್ತರ, ಹತ್ತಿರದಲ್ಲಿ 5ಜಿ ಟವರ್ ಇದ್ದರೆ. ದೀರ್ಘ ಕಾಲ ಕರೆಂಟು ಹೋಗಿ ಟವರಿನ ಬ್ಯಾಟರಿ ಬರಿದಾದರೆ ನಿಮ್ಮ ಮನೆಯ ಇನ್ವರ್ಟರ್ ಇದ್ದೂ ಇಲ್ಲದಂತೆ. ಮೊಬೈಲ್ ಹಾಟ್‌ಸ್ಪಾಟ್ ದಿನನಿತ್ಯಕ್ಕಲ್ಲ, ಆಪತ್ತಿಗೆ. ಫೈಬರ್ ಒಂದು ಕಂಪನಿಯದಾದರೆ ಸಿಮ್ ಇನ್ನೊಂದರದ್ದಾಗಿರಲಿ.

ಅದೇ ನಲವತ್ತು ಸಾವಿರ, ಎರಡು ಮನೆ

ಹದಿನೈದು ಸಾವಿರವಷ್ಟೇ ಇದ್ದರೆ ಯೋಚಿಸುವುದು ಹೆಚ್ಚಿಲ್ಲ: ಏಳೆಂಟು ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಕುರ್ಚಿ, ಸ್ಟ್ಯಾಂಡು ಕೀಬೋರ್ಡು ಮೌಸಿಗೆ ಎರಡು, ಮಿನಿ ಯುಪಿಎಸ್, ಹೆಡ್‌ಸೆಟ್. ಮೇಜು ಮನೆಯದ್ದೇ.

ನಲವತ್ತು ಸಾವಿರ ಇದ್ದು ಬೆಂಗಳೂರಿನ ವಿಜಯನಗರದ ಬಾಡಿಗೆ ಫ್ಲ್ಯಾಟಿನಲ್ಲಿದ್ದರೆ ಕುರ್ಚಿಗೆ ಹನ್ನೆರಡರಿಂದ ಹದಿನಾಲ್ಕು, ಬಿಚ್ಚಿ ಕಟ್ಟುವ ಮೇಜಿಗೆ ಏಳೆಂಟು, ಮಾನಿಟರಿಗೆ ಹತ್ತು, ಉಳಿದದ್ದು ಮೇಲಿನ ಸಣ್ಣ ವಸ್ತುಗಳಿಗೆ. ಅದೇ ದುಡ್ಡಿನಲ್ಲಿ ತೀರ್ಥಹಳ್ಳಿ ಬದಿಯ ಮನೆಗೆ ಹಿಂದಿರುಗಿದವರು ಇಪ್ಪತ್ತರಿಂದ ಇಪ್ಪತ್ತೈದನ್ನು ಸೈನ್ ವೇವ್ ಇನ್ವರ್ಟರ್, 150ರ ಬ್ಯಾಟರಿಗೇ ಇಡಬೇಕು. ಎಂಟರ ಕುರ್ಚಿ, ಬಿಎಲ್‌ಡಿಸಿ ಫ್ಯಾನ್, ಲ್ಯಾಪ್‌ಟಾಪ್ ಚಾರ್ಜ್ ಮಾಡಬಲ್ಲ ಟೈಪ್-ಸಿ ಪವರ್ ಬ್ಯಾಂಕ್, ಎರಡನೇ ಸಿಮ್. ಮಾನಿಟರ್ ಮುಂದಿನ ವರ್ಷಕ್ಕೆ. ಮನೆಯಲ್ಲಿ ಇನ್ವರ್ಟರ್ ಆಗಲೇ ಇದ್ದರೆ, ಬ್ಯಾಟರಿಗೆ ನಾಲ್ಕೈದು ವರ್ಷ ಆಗಿದೆಯೇ ನೋಡಿ. ಹಳೇ ಬ್ಯಾಟರಿ ಮೇಲಿನ ಲೆಕ್ಕದ ಅರ್ಧವೂ ಕೊಡಲಾರದು.

ಇಷ್ಟಕ್ಕೆ ಕೈ ಹಾಕುವ ಮುನ್ನ ಕಂಪನಿಯಲ್ಲಿ ಎಚ್‌ಆರ್ ವಿಭಾಗವನ್ನು ಒಮ್ಮೆ ಕೇಳಿ. ಕೆಲವು ಕಡೆ ಮಾನಿಟರ್, ಕುರ್ಚಿ ಮನೆಗೆ ಕೊಡುತ್ತಾರೆ, ಕೆಲವು ಕಡೆ ಇಂಟರ್ನೆಟ್ ಬಿಲ್ಲಿನ ಹಣ ಹಿಂದಿರುಗಿಸುತ್ತಾರೆ, ಕೇಳಿದವರಿಗೆ ಮಾತ್ರ. ಸ್ವಂತವಾಗಿ ಕೆಲಸ ಮಾಡುವವರು ಎಲ್ಲದಕ್ಕೂ ತಮ್ಮ ಹೆಸರಿನಲ್ಲಿ ಬಿಲ್ ಪಡೆಯಲಿ. ಲೆಕ್ಕಪತ್ರ ಇಟ್ಟು ತೆರಿಗೆ ಕಟ್ಟುವವರಿಗೆ ವೃತ್ತಿಗೆ ಬಳಸುವ ಪೀಠೋಪಕರಣಕ್ಕೆ ವರ್ಷಕ್ಕೆ 10%, ಕಂಪ್ಯೂಟರಿಗೆ 40% ಸವಕಳಿ ಸಿಗುತ್ತದೆ, ಅಂದರೆ ಅಷ್ಟನ್ನು ಖರ್ಚೆಂದು ಆದಾಯದಿಂದ ಕಳೆಯಬಹುದು. ಲೆಕ್ಕಪತ್ರದ ಬದಲು ಅಂದಾಜು ಆದಾಯ ತೋರಿಸಿ ತೆರಿಗೆ ಕಟ್ಟುವವರಿಗೆ ಇದು ಪ್ರತ್ಯೇಕವಾಗಿ ಸಿಗುವುದಿಲ್ಲ, ಆದರೂ ಬಿಲ್ ಬಿಸಾಡಬೇಡಿ, ವಾರಂಟಿಗೆ ಬೇಕಾಗುತ್ತದೆ.